ಹಸಿರು ಗೆರೆಯ ಕೆಳಗೆ ಮಲಗಿದ ಮುಳ್ಳು

ಅವನಿಗೆ ಬದನೆಕಾಯಿ ಎಂದು ಹೆಸರಿಟ್ಟವರು ಲಾರಿ ಡ್ರೈವರುಗಳು. ಮೈಕಟ್ಟು ನೋಡಿ ಇಟ್ಟ ಹೆಸರಲ್ಲ, ಆಸಾಮಿ ಒಣಗಿದ ಕಡ್ಡಿ. ಅವನ ನೋಟ್‌ಬುಕ್ಕು ನೋಡಿ ಇಟ್ಟದ್ದು. ಆಂಟೆನಾ ನಿಲ್ಲಿಸಿದ ಮೇಲೆ ಅದು ಯಾವ ದಿಕ್ಕಿನ ದನಿಯನ್ನು ಎಷ್ಟು ಹಿಡಿಯುತ್ತದೆ ಎಂದು ಅಳೆದು ಅವನು ಚಿತ್ರ ಬರೆಯುತ್ತಿದ್ದ. ಚೆನ್ನಾಗಿ ಕೇಳುವ ಕಡೆಗೆ ಉದ್ದ ಗೆರೆ, ಕೇಳದ ಕಡೆಗೆ ಗಿಡ್ಡ ಗೆರೆ. ಗೆರೆಗಳ ತುದಿಗಳನ್ನು ಸೇರಿಸಿದರೆ ಮುಂದೆ ದಪ್ಪ ಹೊಟ್ಟೆ, ಹಿಂದೆ ಪುಟ್ಟ ತೊಟ್ಟು. ಥೇಟು ಬದನೆಕಾಯಿ. ಹೊಟ್ಟೆ ತುಂಬಿಕೊಂಡು ತೊಟ್ಟು ಸಣ್ಣಗಿದ್ದರೆ ಒಳ್ಳೆಯ ಆಂಟೆನಾ. ತೊಟ್ಟೇ ಹೊಟ್ಟೆಯಷ್ಟು ದಪ್ಪವಾಗಿದ್ದರೆ ಕಟ್ಟಿದವನ ಕೈ ಸರಿಯಿಲ್ಲ ಎಂದರ್ಥ.

ಈಗ ಅವನ ವಿಷಯ ಇನ್ನೊಂದು ಕಾಗದದಲ್ಲೂ ಬಂದಿದೆ. ಅದರಲ್ಲಿ ಅವನು ಬದನೆಕಾಯಿಯಲ್ಲ, ಕಸುಬುದಾರನೂ ಅಲ್ಲ, ‘ಆರೋಪಿಯ ಸಂಬಂಧಿಕ’. ಆ ಒಂದು ಮಾತು ಓದಿ ನನಗೆ ಮೈ ಉರಿದುಹೋಗಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಅವನ ಅಂಗಡಿ ಇದ್ದದ್ದು ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲ ಕೆಳಗೆ. ಬಾಗಿಲ ಬಳಿ ನೆಟ್ಟಗೆ ನಿಲ್ಲಬಹುದು, ಒಳಗೆ ಹೋದಷ್ಟೂ ಬಗ್ಗಬೇಕು, ಕೊನೆಯ ಗೋಡೆ ಮುಟ್ಟಬೇಕಾದರೆ ಅಂಬೆಗಾಲಿಡಬೇಕು. ಮೊದಲು ಮನೆಮನೆಯ ಟೀವಿ ಆಂಟೆನಾ ರಿಪೇರಿ ಮಾಡುತ್ತಿದ್ದ. ಟೀವಿಗಳೆಲ್ಲ ಕಂಬ ಬಿಟ್ಟು ಡಿಶ್ ತಟ್ಟೆಗೆ ಹೋದ ಮೇಲೆ ಲಾರಿಗಳ ಸಿಬಿ ರೇಡಿಯೋಗೆ ಬಂದ. ಡ್ರೈವರುಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಆ ಸಣ್ಣ ರೇಡಿಯೋಗಳಿಗೆ ಕಡ್ಡಿ ಕಟ್ಟುತ್ತ, ಅಳೆಯುತ್ತ, ಹಳೆಯ ಪುಸ್ತಕಗಳನ್ನು ಬೆರಳಿಟ್ಟು ಓದುತ್ತ ಕಲಿತ. ಕಲಿಸಿದವರು ಯಾರೂ ಇಲ್ಲ. ಇದನ್ನು ನೆನಪಿಡಿ, ಮುಂದೆ ದೊಡ್ಡ ಮನುಷ್ಯರೊಬ್ಬರು ಇದನ್ನೇ ಎತ್ತಿ ಆಡುತ್ತಾರೆ.

ಎಂಟು ವರ್ಷದ ಹಿಂದೆ ಕಲ್ಲುಗಣಿಯವರು ಅವನನ್ನು ಕರೆಸಿದರು. ಗಣಿ ಗುಡ್ಡದ ಮೇಲೆ, ಕಲ್ಲು ಪುಡಿಮಾಡುವ ಯಾರ್ಡು ಕೆಳಗೆ. ನಡುವೆ ಹನ್ನೊಂದು ಕಿಲೋಮೀಟರು ದಾರಿ, ಒಂದೇ ಲಾರಿ ಹಿಡಿಯುವಷ್ಟು ಅಗಲ. ಎದುರು ಲಾರಿಗೆ ಜಾಗ ಬಿಡಲು ಏಳು ತಿರುವುಗಳಲ್ಲಿ ಮಾತ್ರ ಅಗಲ ಮಾಡಿದ್ದರು. ಪ್ರತಿ ತಿರುವಿನಲ್ಲೂ ಡ್ರೈವರು ಲಾರಿ ನಿಲ್ಲಿಸಿ, ರೇಡಿಯೋದಲ್ಲಿ ಯಾರ್ಡಿನ ಕಂಟ್ರೋಲ್ ರೂಮನ್ನು ಕೇಳಬೇಕು: “ಐದನೇ ತಿರುವು, ಇಳೀತೀನಿ.” ಕಂಟ್ರೋಲ್ ರೂಮಿನ ಆಪರೇಟರ್ “ಬಾ” ಎಂದರೆ ಇಳಿಯಬೇಕು, “ನಿಲ್ಲು” ಎಂದರೆ ನಿಲ್ಲಬೇಕು. ಆ ಆಪರೇಟರನ್ನು ಎಲ್ಲರೂ ಮಾಮ ಎನ್ನುತ್ತಿದ್ದರು. ದಿನಕ್ಕೆ ಇನ್ನೂರು ಸಲ ಈ ಎರಡೇ ಪದ ಆಡಿ ಆಡಿ, ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೂ “ನಿಲ್ಲು” ಎನ್ನುತ್ತಾನೆ ಎಂದು ಡ್ರೈವರುಗಳು ಗೇಲಿ ಮಾಡುತ್ತಿದ್ದರು.

ಕಷ್ಟ ಇದ್ದದ್ದು ಹೆದ್ದಾರಿಯಿಂದ. ಯಾರ್ಡಿನ ಬೆನ್ನಿಗೇ ದೊಡ್ಡ ರಸ್ತೆ, ಅದರ ಮೇಲೆ ಸಾವಿರ ಲಾರಿ, ಪ್ರತಿ ಲಾರಿಯಲ್ಲೂ ಬಾಯಿ ಮುಚ್ಚದ ರೇಡಿಯೋ. ಯಾರ್ಡಿನಲ್ಲಿದ್ದ ಒಂಟಿ ಕಡ್ಡಿಯ ಆಂಟೆನಾ ಎಲ್ಲ ಕಡೆಯಿಂದಲೂ ಕೇಳಿಸಿಕೊಳ್ಳುವಂಥದ್ದು. ಆರನೇ ತಿರುವಿನವನು ದಾರಿ ಕೇಳಿದರೆ ಅವನ ದನಿಯ ಮೇಲೆ ಹೆದ್ದಾರಿಯವನೊಬ್ಬನ ಹಾಡು ಬಂದು ಕೂರುತ್ತಿತ್ತು.

ಬದನೆಕಾಯಿ ಎರಡು ದಿನ ಸುತ್ತಿ ನೋಡಿ ಹೇಳಿದ: “ಇದಕ್ಕೆ ಬೀಮ್ ಆಂಟೆನಾ ಬೇಕು. ಗುಡ್ಡಕ್ಕೆ ಮುಖ, ರಸ್ತೆಗೆ ಬೆನ್ನು. ಗುಡ್ಡದವರು ಪಿಸುಗುಟ್ಟಿದರೂ ಕೇಳ್ಬೇಕು, ರಸ್ತೆಯವರು ಅರಚಿದರೂ ಕೇಳ್ಬಾರದು.”

ಮೂರು ಅಲ್ಯೂಮಿನಿಯಂ ಕೊಳವೆಗಳು, ಒಂದೊಂದೂ ಎರಡಾಳಿಗಿಂತ ಎತ್ತರ. ಲಾರಿಗಳ ಕಡ್ಡಿ ನೆಟ್ಟಗೆ ನಿಂತಿರುತ್ತದೆಂದು ಇವನ್ನೂ ನೆಟ್ಟಗೇ ಕಟ್ಟಿದ. ಯಾರ್ಡ್ ಮ್ಯಾನೇಜರಿಗೆ ಅದು ಮಲಗಿದಂತಿದ್ದರೆ ಚಂದ ಕಾಣುತ್ತಿತ್ತಂತೆ. “ಚಂದ ಕಾಣೋಕೆ ಬೇರೆ ಏನಾದ್ರೂ ಕಟ್ಟಿಸ್ಕೊಳ್ಳಿ ಸಾರ್, ಇದು ಕೇಳಿಸೋಕೆ ಇರೋದು” ಎಂದ.

ಆಮೇಲೆ ಪರೀಕ್ಷೆ. ಇದರಲ್ಲಿ ಅವನಿಗೆ ಜೊತೆ ಅವನ ಹೆಂಡತಿ. ಆಕೆಗೆ ಮೊದಲಿನಿಂದಲೂ ಏನಿದ್ದರೂ ಬಾಯಿಬಿಟ್ಟು ಎಣಿಸುವ ಅಭ್ಯಾಸ. ಮೆಟ್ಟಿಲು ಹತ್ತಿದರೆ ಎಣಿಕೆ, ಬಟ್ಟೆ ಒಣಗಿಸಿದರೆ ಎಣಿಕೆ, ಈರುಳ್ಳಿ ಚೀಲದಿಂದ ತೆಗೆದರೆ ಎಣಿಕೆ. ಮದುವೆಯಾದ ಹೊಸತರಲ್ಲಿ ಅವನಿಗೆ ಇದು ತಲೆನೋವು. ಆಂಟೆನಾ ಕೆಲಸಕ್ಕೆ ಬಂದ ಮೇಲೆ ಅದೇ ಆಸ್ತಿ. ಯಾಕೆಂದರೆ ಅಳೆಯಲು ದೂರದಲ್ಲಿ ಒಬ್ಬರು ಕುಳಿತು ಒಂದೇ ಏರುದನಿಯಲ್ಲಿ, ಒಂದೇ ವೇಗದಲ್ಲಿ ಎಣಿಸುತ್ತಲೇ ಇರಬೇಕು. ಈಕೆಯ ಹಾಗೆ ಎಣಿಸುವವರು ಯಾರೂ ಇರಲಿಲ್ಲ. ಬೆಳಗ್ಗೆಯ ಒಂದಕ್ಕೂ ಸಂಜೆಯ ಒಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಆಕೆಯ ತಮ್ಮ ಅದೇ ಗಣಿಯಲ್ಲಿ ಡ್ರೈವರು. ಅವನ ಲಾರಿಯಲ್ಲಿ ಕುಳಿತು ಒಂದೊಂದೇ ತಿರುವಿಗೆ ಹೋಗಿ ಆಕೆ ಒಂದರಿಂದ ಹತ್ತು ಎಣಿಸಿದಳು. ಕೆಳಗೆ ಬದನೆಕಾಯಿ ಕಂಬವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದ. ಕಿಟಕಿಯೊಳಗಿಂದ ಮಾಮ ದನಿಯ ಬಲ ತೋರಿಸುವ ಅಂಕಿಯನ್ನು ಕೂಗಿ ಹೇಳಿದ.

“ಅಕ್ಕ, ಇನ್ನೆಷ್ಟು ಸಲ ಹತ್ತು?” ಎಂದು ತಮ್ಮನ ದನಿ ನಡುವೆ ಕೇಳಿಸಿತು. “ನನ್ನ ಲಾರಿಗೆ ಒಂದನೇ ಕ್ಲಾಸಿನ ಮಗ್ಗಿ ಬಂದುಬಿಡುತ್ತೆ.”

“ನಿಂಗೆ ಬಂದ್ರೆ ಸಾಕು, ಸುಮ್ನಿರು” ಎಂದು ಅಕ್ಕ ರೇಡಿಯೋದಲ್ಲೇ ಗದರಿದಳು. ಯಾರ್ಡೆಲ್ಲ ನಕ್ಕಿತು. ಸಂಜೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ತುಂಬು ಹೊಟ್ಟೆಯ ಬದನೆಕಾಯಿ ಬಂದಿತ್ತು. ಏಳೂ ತಿರುವುಗಳು ಆ ಹೊಟ್ಟೆಯೊಳಗೆ.

ಹೊರಡುವ ಮುಂಚೆ ಅವನು ಇನ್ನೊಂದು ಕೆಲಸ ಮಾಡಿದ. ಇಡೀ ಕತೆ ನಿಂತಿರುವುದು ಅದರ ಮೇಲೆ.

ಕಂಟ್ರೋಲ್ ರೂಮಿನಲ್ಲಿ ಇನ್ನೊಂದು ಮೀಟರಿತ್ತು. ರೇಡಿಯೋದಿಂದ ಹೊರಟ ಶಕ್ತಿಯಲ್ಲಿ ಎಷ್ಟನ್ನು ಆಂಟೆನಾ ಬೇಡವೆಂದು ವಾಪಸ್ ಕಳಿಸುತ್ತಿದೆ ಎಂದು ತೋರಿಸುವುದು ಅದರ ಕೆಲಸ. ಅದಕ್ಕೆ ಡ್ರೈವರುಗಳ ಬಾಯಲ್ಲಿ ವಾಪಸ್ ಮೀಟರ್ ಎಂದೇ ಹೆಸರು. ವಾಪಸ್ ಬರುವುದು ಹೆಚ್ಚಾದರೆ ಮುಳ್ಳು ಏರುತ್ತದೆ, ಏನೂ ವಾಪಸ್ ಬಾರದಿದ್ದರೆ ಒಂದರ ಹತ್ತಿರ ಮಲಗುತ್ತದೆ. ಅವತ್ತು ಒಂದೂವರೆಯಲ್ಲಿತ್ತು. ಚೆನ್ನಾಗಿಯೇ ಇತ್ತು. ಬದನೆಕಾಯಿ ಉಗುರಿಗೆ ಹಚ್ಚುವ ಬಣ್ಣದ ಸೀಸೆ ತಂದು ಮೀಟರಿನ ಗಾಜಿನ ಮೇಲೆ ಎರಡು ಗೆರೆ ಎಳೆದ. ಎರಡರ ಹತ್ತಿರ ಹಸಿರು, ಮೂರರ ಹತ್ತಿರ ಕೆಂಪು. ಪಕ್ಕದ ಗೋಡೆಯ ಮೇಲೆ ಬರೆದ: ‘ಮುಳ್ಳು ಹಸಿರಿನ ಕೆಳಗಿದ್ದರೆ ಚಿಂತೆಯಿಲ್ಲ. ಕೆಂಪು ದಾಟಿದರೆ ನನ್ನನ್ನು ಕರೆಯಿರಿ.’

ಮಾಮ ಕೇಳಿದ, “ಹಸಿರಲ್ಲಿದ್ರೆ ಎಲ್ಲಾರ್ದೂ ಕೇಳಿಸ್ತದೆ ಅಂತ ತಾನೆ?”

“ನಾನು ಕಟ್ಟಿದ ಕಂಬ ಮಾಮ. ಕೇಳಿಸ್ದೆ ಎಲ್ಲಿಗೋಗುತ್ತೆ?”

ಆ ಜಂಬದ ಮಾತಿನಿಂದ ದಾರಿಯ ಮೇಲೆ ಒಂದು ರೂಢಿ ಹುಟ್ಟಿತು. ಮಾಮನಿಗೆ ಒಂದೊಂದು ಸಲ ಕೈತುಂಬ ಕೆಲಸ. ತಿರುವಿನಲ್ಲಿ ಡ್ರೈವರು ಎರಡು ಸಲ ಕೂಗಿಯೂ ಉತ್ತರ ಬಾರದಿದ್ದರೆ ಏನು? ಆಂಟೆನಾ ಕೇಳಿಸಿಕೊಂಡೇ ಇರುತ್ತದೆ. ಎದುರಿಗೆ ಲಾರಿ ಇದ್ದಿದ್ದರೆ ಮಾಮ ‘ನಿಲ್ಲು’ ಎನ್ನದೆ ಇರುತ್ತಿರಲಿಲ್ಲ. ಹಾಗಾಗಿ ಎರಡು ಕೂಗಿಗೆ ಸುಮ್ಮನಿದ್ದರೆ ದಾರಿ ಖಾಲಿ. ಇದನ್ನು ಯಾರೂ ಬರೆದಿಡಲಿಲ್ಲ, ಎಲ್ಲರೂ ನಡೆಸಿಕೊಂಡು ಬಂದರು. ಮ್ಯಾನೇಜರಿಗೂ ಗೊತ್ತಿತ್ತು. ಲಾರಿ ನಿಲ್ಲದಿದ್ದರೆ ಅವನಿಗೇನು ಕಷ್ಟ?

ಮೊದಲೆರಡು ವರ್ಷ ಬದನೆಕಾಯಿ ಹೋಗಿ ಕಂಬ ಹತ್ತಿ, ರೇಡಿಯೋದಿಂದ ಹೋದ ಕೇಬಲ್ಲು ಆಂಟೆನಾಗೆ ಸೇರುವ ಕಡೆ ಸುತ್ತಿದ ಟೇಪು ನೋಡಿ ಬರುತ್ತಿದ್ದ. ಮೂರನೇ ವರ್ಷ ಮ್ಯಾನೇಜರು ಗೇಟಿನಲ್ಲೇ ನಿಲ್ಲಿಸಿದ. “ಮುಳ್ಳು ಹಸಿರಿನ ಕೆಳಗಿದೆಯಲ್ಲ ಮಾರಾಯ. ನೀವೇ ಬರೆದಿದ್ದೀರಿ ಚಿಂತೆಯಿಲ್ಲ ಅಂತ. ಮತ್ಯಾಕೆ ಹತ್ತೋದು, ಬೀಳೋಕಾ?” ಬದನೆಕಾಯಿ ನಕ್ಕು ವಾಪಸ್ ಬಂದ. ತನ್ನ ಕೈಬರಹಕ್ಕೆ ಅಷ್ಟು ಬೆಲೆಯಿದೆಯೆಂದು ಒಳಗೊಳಗೇ ಖುಷಿಯೂ ಆಯಿತಂತೆ. ಇದನ್ನು ಅವನೇ ನನಗೆ ಹೇಳಿದ, ನೆಲ ನೋಡಿಕೊಂಡು.

ಎಂಟನೇ ವರ್ಷ, ಬೆಳಗಿನ ಹನ್ನೊಂದು ಗಂಟೆ. ಬಾಮೈದ ಕಲ್ಲು ತುಂಬಿಕೊಂಡು ಐದನೇ ತಿರುವಿಗೆ ಬಂದು ಕೂಗಿದ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಸುಮ್ಮನಿತ್ತು. ಇಳಿದ. ಅದೇ ಹೊತ್ತಿಗೆ ಕೆಳಗಿನ ನಾಲ್ಕನೇ ತಿರುವಿನಿಂದ ಹತ್ತಲು ಖಾಲಿ ಲಾರಿಯೊಂದಕ್ಕೆ ಮಾಮ “ಬಾ” ಎಂದಿದ್ದ. ನಡುವೆ ಬಂಡೆ, ಒಬ್ಬರ ದನಿ ಇನ್ನೊಬ್ಬರಿಗೆ ಕೇಳಿಸುವಂತಿರಲಿಲ್ಲ. ಬಂಡೆ ಸುತ್ತಿದ ಕೂಡಲೇ ಎದುರಾದರು. ಖಾಲಿ ಲಾರಿಯ ಡ್ರೈವರು ಅಲ್ಲೇ ಸತ್ತ. ಬಾಮೈದನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಸತ್ತವನ ಹೆಂಡತಿ ಮೂರನೇ ದಿನ ಆಸ್ಪತ್ರೆಯ ವಾರ್ಡಿನ ಬಾಗಿಲಿಗೆ ಬಂದು ನಿಂತಳು. ಕೂಗಾಡಲಿಲ್ಲ. “ಬರ್ತಿದ್ದೀನಿ ಅಂತ ಒಂದು ಮಾತು ಹೇಳೋಕೆ ನಿಂಗೆ ಬಾಯಿರಲಿಲ್ವಾ?” ಎಂದಳು. ಅಷ್ಟೇ ಕೇಳಿ ಹೊರಟುಹೋದಳು.

ಬಾಮೈದ ಅಕ್ಕನ ಕೈ ಹಿಡಿದುಕೊಂಡ. “ಎರಡು ಸಲ ಕೂಗಿದೆ ಅಕ್ಕ. ಅವರಿಗೆ ಹೇಳು. ಭಾವ, ನೀವಾದರೂ ಹೇಳಿ.”

ಮಾಮ ಪೊಲೀಸರಿಗೆ ಇದ್ದದ್ದನ್ನೇ ಹೇಳಿದ್ದ: ನನಗೆ ಕೇಳಿಸಲಿಲ್ಲ. ಅದು ನಿಜ. ಆದರೆ ಕೇಳಿಸಲಿಲ್ಲ ಎಂಬುದನ್ನು ಕೂಗಲಿಲ್ಲ ಎಂದು ಬರೆದುಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕು? ಕೂಗದೆ ಇಳಿದು ಒಬ್ಬನನ್ನು ಕೊಂದವನೆಂದು ಕೇಸಾಯಿತು. ಬಾಮೈದ ಜೈಲಿಗೆ ಹೋಗುವುದು, ಬಿಡುವುದು ಒಂದೇ ಪ್ರಶ್ನೆಯ ಮೇಲೆ ನಿಂತಿತು: ಅವತ್ತು ಐದನೇ ತಿರುವಿನಿಂದ ಕೂಗಿದರೆ ಯಾರ್ಡಿಗೆ ಕೇಳಿಸುತ್ತಿತ್ತೋ ಇಲ್ಲವೋ? ಅದನ್ನು ತೀರ್ಮಾನಿಸಲು ಒಬ್ಬ ವಿಚಾರಣಾಧಿಕಾರಿ ಬಂದರು. ಓದಿದ ಎಂಜಿನಿಯರು, ಇಸ್ತ್ರಿ ಮಾಡಿದ ಮನುಷ್ಯ.

ಮೊದಲ ದಿನ ಮ್ಯಾನೇಜರು ಅವರ ಮುಂದೆ ದಪ್ಪ ರಿಜಿಸ್ಟರು ತೆರೆದಿಟ್ಟ. ಎಂಟು ವರ್ಷ, ಪ್ರತಿ ತಿಂಗಳೂ ವಾಪಸ್ ಮೀಟರಿನ ಅಂಕಿ. “ನೋಡಿ ಸಾರ್. ಶುರುವಲ್ಲಿ ಒಂದು ಪಾಯಿಂಟ್ ಐದು. ಆಮೇಲೆ ಒಂದು ಪಾಯಿಂಟ್ ನಾಲ್ಕು, ಒಂದು ಪಾಯಿಂಟ್ ಮೂರು. ಈಗ ಎರಡು ವರ್ಷದಿಂದ ಒಂದು ಪಾಯಿಂಟ್ ಒಂದು. ವಯಸ್ಸಾದಂಗೆಲ್ಲ ಚೆನ್ನಾಗ್ತಾ ಬಂದಿದೆ. ನಾವು ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದೀವಿ. ಗೆರೆ ಎಳೆದಿದ್ದು ಇವರೇ.”

ಬಾಮೈದನ ಕಡೆಯಿಂದ ಮಾತಾಡಲು ಬಂದು ಕುಳಿತಿದ್ದ ಬದನೆಕಾಯಿ ಆ ಅಂಕಿಗಳು ಕಿವಿಗೆ ಬಿದ್ದ ಕೂಡಲೇ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡ. ಯಾರೂ ಮುಟ್ಟದ ಆಂಟೆನಾ ತಾನಾಗಿ ಸುಧಾರಿಸುವುದಿಲ್ಲ. ವಾಪಸ್ ಬರುವುದು ಕಡಿಮೆಯಾಗಿದೆ ಎಂದರೆ ನಡುವೆ ಯಾರೋ ಕುಡಿಯುತ್ತಿದ್ದಾರೆ. ಮೇಲಿನ ಟೇಪು ಬಿಸಿಲಿಗೆ ಸೀಳಿ ಕೇಬಲ್ಲಿನೊಳಗೆ ನೀರಿಳಿದಿದೆ. ನೀರು ಕುಡಿದ ಕೇಬಲ್ಲು ಹೋಗುವ ಶಕ್ತಿಯನ್ನೂ ನುಂಗುತ್ತದೆ, ವಾಪಸ್ ಬರುವುದನ್ನೂ ನುಂಗುತ್ತದೆ, ದೂರದಿಂದ ಬಂದ ದನಿಯನ್ನೂ ನುಂಗುತ್ತದೆ. ಕೆಳಗಿನ ತಿರುವುಗಳ ದನಿ ಹೇಗೋ ಮುಟ್ಟುತ್ತದೆ, ಮೇಲಿನವುಗಳದ್ದು ಮುಟ್ಟುವುದಿಲ್ಲ. ಮೀಟರಿಗೆ ಏನೂ ವಾಪಸ್ ಬಾರದು. ಮುಳ್ಳು ಹಾಯಾಗಿ ಹಸಿರಿನ ಕೆಳಗೆ ಮಲಗುತ್ತದೆ.

ಅವನು ಎದ್ದು ನಿಂತ. “ಸಾರ್, ಈ ಗೆರೆ ತಪ್ಪು. ಎಳೆದವನು ನಾನೇ, ತಪ್ಪು ನಂದೇ. ಮುಳ್ಳು ಏರಿದ್ರೆ ಕೆಟ್ಟಿದೆ ಅಂತ ಬರೆದೆ. ಇಳಿದ್ರೂ ಕೆಟ್ಟಿರಬಹುದು ಅಂತ ಬರೀಲಿಲ್ಲ. ಹೆಣಕ್ಕೆ ಜ್ವರ ಬರಲ್ಲ ಸಾರ್. ಜ್ವರ ಇಲ್ಲ ಅಂತ ಆರೋಗ್ಯ ಅನ್ನೋಕಾಗುತ್ತಾ?”

ಅಧಿಕಾರಿ ಕನ್ನಡಕ ತೆಗೆದರು. “ನೀವು ಎಲ್ಲಿ ಓದಿದ್ದು?”

“ಓದಿಲ್ಲ ಸಾರ್. ಕಲಿತಿದ್ದೀನಿ.”

“ಎಂಟು ವರ್ಷ ಸರಿಯಾಗಿದ್ದ ಗೆರೆ, ನಿಮ್ಮ ಬಾಮೈದ ಸಿಕ್ಕಿಹಾಕಿಕೊಂಡ ಕೂಡಲೇ ತಪ್ಪಾಯಿತು.”

“ಮಾತು ಬೇಡ ಸಾರ್. ಈಗಲೇ ಕೇಬಲ್ ಕತ್ತರಿಸಿ ನೋಡಿ. ಇಲ್ಲಾಂದ್ರೆ ಐದನೇ ತಿರುವಿಗೆ ಒಬ್ಬರನ್ನ ಕಳಿಸಿ ಎಣಿಸಕ್ಕೆ ಹೇಳಿ. ನೀವೇ ಇಲ್ಲಿ ಕೂತು ಕೇಳಿ.”

ಅವನ ಹೆಂಡತಿಯೇ ಹೋಗಿ ಎಣಿಸುವುದಕ್ಕೆ ಅವರು ಒಪ್ಪಿದರು. ಆದರೆ ನಿಯಮ ಇದೆಯಲ್ಲ. ಪರೀಕ್ಷೆಗೆ ಮುಂಚೆ ಎರಡೂ ಕಡೆಯವರಿಗೆ ಹತ್ತು ದಿನದ ನೋಟೀಸು ಕೊಡಬೇಕಂತೆ. ಕೇಬಲ್ಲಿಗೆ ಸೀಲು ಹಾಕಿ ಎಂದು ಬದನೆಕಾಯಿ ಬೇಡಿಕೊಂಡ. ಅದಕ್ಕೆ ನಿಯಮವಿರಲಿಲ್ಲ. ಕಳ್ಳನಿಗೆ ಹತ್ತು ದಿನ ಮುಂಚೆ ಕಾಗದ ಬರೆದು ಮನೆ ಶೋಧಿಸುವ ಈ ಶಿಸ್ತಿಗೆ ನಮ್ಮಲ್ಲಿ ನ್ಯಾಯ ಎಂದು ಹೆಸರು.

ಪರೀಕ್ಷೆಯ ಬೆಳಗ್ಗೆ ಹೆಂಡತಿ ಕೇಳಿದಳು, “ರೀ, ಹೇಗೆ ಎಣಿಸಲಿ?”

“ಯಾವಾಗ್ಲೂ ಎಣಿಸೋ ಹಾಗೆ. ಒಂದು ಚೂರು ಜಾಸ್ತೀನೂ ಬೇಡ, ಕಮ್ಮೀನೂ ಬೇಡ. ನಾವೇ ಕಳ್ಳಾಟ ಆಡಿದ್ರೆ ನಿನ್ನ ತಮ್ಮನ ಮಾತಿಗೆ ಬೆಲೆಯೆಲ್ಲಿರುತ್ತೆ?”

ಗಣಿಯ ಬೇರೊಂದು ಲಾರಿಯಲ್ಲಿ ಆಕೆಯನ್ನು ಐದನೇ ತಿರುವಿಗೆ ಕರೆದೊಯ್ದರು. ತಮ್ಮನ ಲಾರಿಯ ಗಾಜಿನ ಚೂರು ಇನ್ನೂ ದಾರಿಯ ಬದಿಗೆ ಬಿದ್ದಿತ್ತು. ಕೆಳಗೆ ಯಾರ್ಡಿನಲ್ಲಿ ಬದನೆಕಾಯಿ ಗೇಟು ದಾಟಿ ಕಂಬದ ಕಡೆ ನೋಡಿದ. ಬೂದಿ ಬಣ್ಣಕ್ಕೆ ತಿರುಗಿರಬೇಕಾದ ಕೇಬಲ್ಲು ಮಿರಮಿರ ಮಿಂಚುವ ಕಪ್ಪು. ಕಂಬಕ್ಕೆ ಕಟ್ಟಿದ ಪಟ್ಟಿಗಳೂ ಹೊಸವು.

“ಕೇಬಲ್ ಬದಲಾಯಿಸಿದ್ದೀರಿ” ಎಂದ.

“ಧೂಳು ಒರೆಸಿದ್ದೀವಿ” ಎಂದ ಮ್ಯಾನೇಜರು.

ಹೆಂಡತಿಯನ್ನು ತಡೆಯೋಣವೆಂದರೆ ಅವಳಾಗಲೇ ಮೇಲಿದ್ದಳು. ಅಧಿಕಾರಿ ಗಡಿಯಾರ ನೋಡಿ ತಲೆಯಾಡಿಸಿದರು. ಕಂಟ್ರೋಲ್ ರೂಮಿನಲ್ಲಿ ಆಕೆಯ ದನಿ ತುಂಬಿಕೊಂಡಿತು. “ಒಂದು. ಎರಡು. ಮೂರು.” ಪಕ್ಕದಲ್ಲಿ ನಿಂತು ಹೇಳಿದ ಹಾಗೆ, ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟು ಸ್ಪಷ್ಟ. ಮಾಮ ಗೋಡೆಯ ಕಡೆ ಮುಖ ಮಾಡಿದ. ಹತ್ತರವರೆಗೆ ಎಣಿಸಿ, ಅಭ್ಯಾಸದಂತೆ ಇನ್ನೊಮ್ಮೆ ಒಂದರಿಂದ ಶುರುಮಾಡಿದಳು.

ಬದನೆಕಾಯಿ ವಾಪಸ್ ಮೀಟರಿನ ಬಳಿ ಓಡಿದ. “ಸಾರ್, ಮೈಕಿನ ಗುಂಡಿ ಒತ್ತಿ ಇದನ್ನ ನೋಡಿ. ರಿಜಿಸ್ಟರಲ್ಲಿ ಹೋದ ತಿಂಗಳು ಒಂದು ಪಾಯಿಂಟ್ ಒಂದು. ಈಗ ನೋಡಿ, ಒಂದು ಪಾಯಿಂಟ್ ಐದು. ಮೊದಲ ದಿನ ಇದ್ದಿದ್ದೇ ಈಗ ಮತ್ತೆ ಬಂದಿದೆ. ಕೇಬಲ್ ಹೊಸದಾಗಿದ್ದಕ್ಕೇ ಮುಳ್ಳು ಏರಿದೆ. ಇದೇ ಸಾಕ್ಷಿ.”

ಅಧಿಕಾರಿ ಬಗ್ಗಿ ನೋಡಿದರು. ಅವರಿಗೆ ಮುಳ್ಳು ಕಂಡಿತು. ಕಂಡದ್ದನ್ನು ತಮಗೆ ಬೇಕಾದ ಹಾಗೆ ಓದಿಕೊಂಡರು. “ಅಂದರೆ ಅಪಘಾತದ ದಿನಕ್ಕಿಂತ ಇವತ್ತು ಅಂಕಿ ಸ್ವಲ್ಪ ಕೆಟ್ಟಿದೆ.”

“ಹೌದು ಸಾರ್, ಅದಕ್ಕೇ...”

“ಕೆಟ್ಟಿದ್ದರೂ ಇಷ್ಟು ಚೆನ್ನಾಗಿ ಕೇಳಿಸಿತು. ಹಾಗಾದರೆ ಅವತ್ತು ಇನ್ನೂ ಚೆನ್ನಾಗಿ ಕೇಳಿಸಿರಬೇಕು. ಅಲ್ಲವಾ?”

ಎಂಜಿನಿಯರಿಂಗ್ ಓದಿದವರಿಗೆ ಇದು ತಿಳಿಯದೇ ಇತ್ತೇ, ತಿಳಿದೂ ತಿಳಿಯದಂತಿದ್ದರೇ ಎಂದು ನಾನು ಬಹಳ ಯೋಚಿಸಿದ್ದೇನೆ. ಎರಡರಲ್ಲಿ ಯಾವುದಾದರೂ ಸತ್ತವನಿಗೆ, ಕಾಲು ಹೋದವನಿಗೆ ವ್ಯತ್ಯಾಸವೇನೂ ಇಲ್ಲ. ಹಳೆಯ ಕೇಬಲ್ಲು ಎಲ್ಲಿ ಎಂದು ಬದನೆಕಾಯಿ ಕೇಳುತ್ತಲೇ ಇದ್ದ. ಹಳೆಯದು ಅನ್ನುವುದು ಇರಲೇ ಇಲ್ಲವೆಂದು ಮ್ಯಾನೇಜರು ಹೇಳುತ್ತಲೇ ಇದ್ದ. ಮಾಮನನ್ನು ಕೇಳಿದರೆ ಅವನು ಆ ವಾರ ರಜೆಯಲ್ಲಿದ್ದನಂತೆ. ನಿವೃತ್ತಿಗೆ ಐದು ತಿಂಗಳಿದ್ದವು.

ವರದಿಯಲ್ಲಿ ಹೀಗಿದೆ: ‘ಐದನೇ ತಿರುವಿನಿಂದ ಆರೋಪಿಯ ಸ್ವಂತ ಅಕ್ಕ ಎಣಿಸಿದ ಅಂಕಿಗಳು ಅತ್ಯಂತ ಸ್ಪಷ್ಟವಾಗಿ ಕೇಳಿಬಂದವು. ಆಂಟೆನಾ ದೋಷಪೂರಿತವೆಂಬ ಆರೋಪಿಯ ಸಂಬಂಧಿಕನ ಹೇಳಿಕೆಯನ್ನು, ಆತನೇ ಗುರುತಿಸಿದ ಹಸಿರು ಗೆರೆಯ ಆಧಾರದ ಮೇಲೆ, ತಳ್ಳಿಹಾಕಲಾಗಿದೆ.’ ಬಾಮೈದನಿಗೆ ಎರಡು ವರ್ಷ. ಊರುಗೋಲು ಹಿಡಿದೇ ಒಳಗೆ ಹೋದ.

ಬದನೆಕಾಯಿ ಈಗ ಹೊಸ ಆಂಟೆನಾ ಕಟ್ಟುವುದಿಲ್ಲ. ಒಂದು ಬ್ಲೇಡು, ಹಳೆ ಬಟ್ಟೆಯ ತುಂಡು ಹಿಡಿದು, ಇಷ್ಟು ವರ್ಷ ಎಲ್ಲೆಲ್ಲಿ ಹಸಿರು ಗೆರೆ ಎಳೆದಿದ್ದನೋ ಅಲ್ಲೆಲ್ಲ ಹೋಗಿ ಕೆರೆಯುತ್ತಾನೆ. ಮೂವತ್ತೆಂಟು ಮೀಟರುಗಳ ಪಟ್ಟಿ ಅವನ ಕಿಸೆಯಲ್ಲಿದೆ. “ಮುಳ್ಳು ನೋಡಿ ಸುಮ್ನಾಗಬೇಡಿ. ತಿಂಗಳಿಗೊಂದ್ಸಲ ದಾರಿಯ ಕೊನೇಲಿ ಒಬ್ಬರನ್ನ ಕೂರಿಸಿ ಮಾತಾಡ್ಸಿ. ಕೂಗಿಗೆ ಉತ್ತರ ಬರದಿದ್ರೆ ಕದಲಬೇಡಿ” ಎನ್ನುತ್ತಾನೆ. ಕೆಲವರು ಕೇಳುತ್ತಾರೆ. ಕೆಲವರು, ಚೆನ್ನಾಗಿರೋದನ್ನ ಯಾಕಯ್ಯ ಕೆರೀತೀಯಾ ಎಂದು ಓಡಿಸುತ್ತಾರೆ. ಗಣಿಯ ಯಾರ್ಡಿನೊಳಗೆ ಅವನನ್ನು ಬಿಡುವುದಿಲ್ಲ. ಆ ಗೆರೆ ಅಲ್ಲಿಯೇ ಇದೆ.

ಸತ್ತವನ ಮನೆಗೆ ಅವನೂ ಹೆಂಡತಿಯೂ ಒಂದು ಸಲ ಹೋಗಿದ್ದರು. “ಅವನು ಕೂಗಿದ್ದ ತಾಯಿ. ಕೇಳಿಸದ ಹಾಗೆ ಮಾಡಿದವರಲ್ಲಿ ನಾನೂ ಒಬ್ಬ” ಎಂದು ಇವನು ಹೇಳಿದ. ಆಕೆ ಇವನನ್ನು ಬಿಟ್ಟು ಇವನ ಹೆಂಡತಿಯನ್ನು ನೋಡಿದಳು. “ನೀವು ಎಣಿಸಿದ್ದು ಎಲ್ಲಾರ್ಗೂ ಕೇಳಿಸ್ತಂತಲ್ಲ” ಎಂದಳು.



ಮೊನ್ನೆ ನಾನು ಅವರ ಮನೆಗೆ ಹೋದಾಗ ಆಕೆ ಒಣಗಿದ ಬಟ್ಟೆ ಮಡಚುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು, ದನಿ ಬರುತ್ತಿರಲಿಲ್ಲ. ಬದನೆಕಾಯಿ ನನ್ನ ಕಡೆ ನೋಡಿ, ಏನೂ ಕೇಳಬೇಡಿ ಎಂಬಂತೆ ಕೈ ಆಡಿಸಿದ. ಆಕೆಯೇ ತಲೆಯೆತ್ತದೆ ಹೇಳಿದಳು: “ಅವತ್ತು ಎಂಟರ ಹತ್ತಿರ ನಂಗೆ ಕೆಮ್ಮು ಬಂದಿತ್ತು. ಪರೀಕ್ಷೆ ಕೆಡಬಾರ್ದು ಅಂತ ತಡ್ಕೊಂಡೆ.”